ಒಳ್ಳೆಯದಾದರೆ ಅಂಗಡಿಗೆ ಬರಬೇಡಿ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಮೂರು ಕನ್ನಡಕ ಡೆಲಿವರಿ. ಒಂದರ ಕಡ್ಡಿ ಸಡಿಲ, ಸ್ಕ್ರೂ ಬಿಗಿದು ಕೊಟ್ಟೆ. ಆಮೇಲೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆ. ಮೂರನೇ ತಿಂಗಳು ಈಗಷ್ಟೇ ಶುರು. ತೋಳಿಂದ ರಕ್ತ ತೆಗೆದರು. ಅಷ್ಟೇ. ನನ್ನ ರಕ್ತದಲ್ಲೇ ಒಳಗಿರುವುದರ ಚೂರುಪಾರು ಓಡಾಡುತ್ತಿರುತ್ತದಂತೆ, ಅದನ್ನು ಹುಡುಕಿ ವರ್ಣತಂತು ಹೆಚ್ಚುಕಡಿಮೆ ಇದೆಯಾ ನೋಡುತ್ತಾರಂತೆ. ಹೊಟ್ಟೆಗೆ ಸೂಜಿ ಹಾಕುವ ಮಾತೇ ಇಲ್ಲ.

ಡಾಕ್ಟರಮ್ಮ ಎರಡೆರಡು ಸಲ ಹೇಳಿದರು — ಇದು ಸೋಸಿ ನೋಡುವ ಪರೀಕ್ಷೆ ಮಾತ್ರ, ಕೊನೆಯ ತೀರ್ಪಲ್ಲ. ರಿಸ್ಕ್ ಹೆಚ್ಚು ಅಂತ ಬಂದರೂ ಇನ್ನೊಂದು ಪರೀಕ್ಷೆ ಮಾಡಿಯೇ ಮುಂದಿನ ಮಾತು. ತಲೆಯಾಡಿಸಿದೆ. ನಮ್ಮ ಅಂಗಡಿಯ ಕಣ್ಣಿನ ಮೆಷಿನ್ನೂ ಹಾಗೇ. ಗದ್ದ ಇಟ್ಟರೆ ಒಂದು ನಂಬರ್ ಕೊಡುತ್ತದೆ. ಆಮೇಲೆ ಲೆನ್ಸ್ ಹಾಕಿ, ಕೂರಿಸಿ ಕೇಳದೆ ಯಾರಿಗೂ ಕನ್ನಡಕ ಮಾಡಿಕೊಡುವುದಿಲ್ಲ. ಬುದ್ಧಿಗೆ ಎಲ್ಲ ಅರ್ಥವಾಗುತ್ತದೆ. ಭಯಕ್ಕೆ ಬುದ್ಧಿ ಹೇಳುವವರು ಯಾರು?

ಕಳೆದ ವರ್ಷ ಐದನೇ ತಿಂಗಳ ಸ್ಕ್ಯಾನಿನಲ್ಲಿ, ಹೊಟ್ಟೆಯೊಳಗಿದ್ದ ಅವಳ ಎದೆ ಬಡಿಯುತ್ತಿರಲಿಲ್ಲ. ಒಂದು ವರ್ಣತಂತು ಹೆಚ್ಚಿತ್ತು ಅಂತ ಆಮೇಲೆ ಫೋನಿನಲ್ಲಿ ಹೇಳಿದರು. ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದೆ. ಟಿಕೆಟ್ ಟಿಕೆಟ್ ಅಂತ ಕಂಡಕ್ಟರ್ ಬೇರೆ.

ಅದಕ್ಕೇ ಇವರ ಹತ್ತಿರ ಒಪ್ಪಂದ ಮಾಡಿಕೊಂಡಿದ್ದೇನೆ. ಆಸ್ಪತ್ರೆಯವರು ಇವರಿಗೇ ಫೋನ್ ಮಾಡಲಿ. ಒಳ್ಳೆಯದಾದರೆ ಸಂಜೆ ಮನೆಯಲ್ಲಿ ಹೇಳಿದರೆ ಸಾಕು. ಕೆಟ್ಟದ್ದಾದರೆ ಫೋನು ಗೀನು ಬೇಡ, ಅಂಗಡಿಗೇ ಬಂದು ಕರೆದುಕೊಂಡು ಹೋಗಬೇಕು. ಹೂಂ ಅಂದರು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಇಂಥ ನಿಯಮ ಅಂದರೆ ಇಷ್ಟ.

ಮಾರ್ಚ್ 9, ಭಾನುವಾರ

ಅತ್ತೆಯ ಫೋನು. ದನಿ ಯಾಕೆ ಸಪ್ಪಗಿದೆ ಅಂದರು. ಶೀತ ಅಂದೆ. ಇನ್ನೂ ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಇವರು ಮೊಬೈಲಿನಲ್ಲಿ ಒಂದು ತೊಟ್ಟಿಲ ಚಿತ್ರ ತೋರಿಸಲು ಬಂದರು... ನನ್ನ ಮುಖ ನೋಡಿ ಹಾಗೇ ಜೇಬಿಗೆ ಹಾಕಿಕೊಂಡರು. ಪಾಪ. ಪಾಪ ಅಂತ ನನಗೂ ಗೊತ್ತು. ಆದರೆ ಇದನ್ನು ಮಗು ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಎಲ್ಲದಕ್ಕೂ "ರಿಪೋರ್ಟ್ ಬರಲಿ" ಅನ್ನುತ್ತೇನೆ.

ಮಾರ್ಚ್ 14, ಶುಕ್ರವಾರ. ಸಂಜೆ

ಉತ್ತರವೇ ಇಲ್ಲ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಸ್ಯಾಂಪಲಿನಲ್ಲಿ ಅದರ ಅಂಶ ಸಾಲಲಿಲ್ಲವಂತೆ, ಮತ್ತೆ ರಕ್ತ ಕೊಡಬೇಕಂತೆ.

ಇವರಿಗೆ ದಿಕ್ಕೇ ತೋಚಿಲ್ಲ. ಅಂಗಡಿಗೆ ಬರುವುದೋ ಬಿಡುವುದೋ, ಇದಕ್ಕೆ ನಿಯಮ ಇರಲಿಲ್ಲವಲ್ಲ! ನಾನು ಶಟರ್ ಎಳೆಯುವವರೆಗೆ ರಸ್ತೆಯಾಚೆ ಬಸ್‌ಸ್ಟಾಪಿನಲ್ಲಿ ಕೂತಿದ್ದರು. ನಗಬೇಕೋ ಅಳಬೇಕೋ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಬೇಗ ರಕ್ತ ತೆಗೆದರೆ ಹೀಗಾಗುವುದುಂಟಂತೆ, ಗಾಬರಿ ಬೇಡ. ಕೆಲವೊಮ್ಮೆ ಬೇರೆ ಕಾರಣವೂ ಇರಬಹುದು, ಅದಕ್ಕೆ ಒಂದು ಸ್ಕ್ಯಾನೂ ಮಾಡೋಣ ಅಂದರು. ಆ "ಕೆಲವೊಮ್ಮೆ" ಮಾತ್ರ ಕಿವಿಯಲ್ಲಿ ಕೂತುಬಿಟ್ಟಿದೆ.

ಮಾರ್ಚ್ 17, ಸೋಮವಾರ

ಮತ್ತೆ ರಕ್ತ. ಸ್ಕ್ಯಾನೂ ಆಯಿತು. ಪರದೆ ನೋಡಲಿಲ್ಲ, ಗೋಡೆ ನೋಡಿದೆ. ಬಡಿತ ಇದೆ ಅಂದರು. ಇವರು ನೋಡಿದರು. ಮನೆಗೆ ಬಂದೆವು. ಬೀಗ ತೆಗೆಯುತ್ತ, "ಕೈ ಆಡಿಸ್ತಿತ್ತು ಕಣೆ" ಅಂದರು. ಒಳಗೆ ಹೋಗಿ ಟೀ ಇಟ್ಟೆ. ಸಕ್ಕರೆ ಮರೆತೆ. ಇಬ್ಬರೂ ಹಾಗೇ ಕುಡಿದೆವು.

ಮಾರ್ಚ್ 27, ಗುರುವಾರ

ಮರೆಯುವ ಮೊದಲು ಬರೆದಿಡುತ್ತೇನೆ.

ಬೆಳಿಗ್ಗೆ ರಿಟೈರ್ಡ್ ಡ್ರೈವರ್ ಅಜ್ಜ ಬಂದಿದ್ದರು, ಪವರ್ ಚೆಕ್ ಮಾಡಿಸಲು. ಪರೀಕ್ಷೆಯ ಫ್ರೇಮನ್ನು ಮೂಗಿನ ಮೇಲೆ ಕೂರಿಸಿ, ಎಡಗಣ್ಣಿಗೆ ಕಪ್ಪು ಬಿಲ್ಲೆ ಹಾಕಿ, ಬಲಗಣ್ಣಿಗೆ ಲೆನ್ಸ್ ಬದಲಿಸುತ್ತಿದ್ದೆ. ಈಗ ಚೆನ್ನಾಗಿದೆಯೋ, ಆಗ ಚೆನ್ನಾಗಿತ್ತೋ? ತಲೆ ಎತ್ತಿದರೆ ಗಾಜಿನ ಬಾಗಿಲಾಚೆ ಇವರು. ಕೆಲಸದ ಬಟ್ಟೆಯಲ್ಲೇ. ಕಣ್ಣು ಕೆಂಪು.

ಕೈ ಎತ್ತಿ ತಡೆದೆ, ಒಳಗೆ ಬರಬೇಡಿ ಅಂತ. ಇವರು ಬಾಯಿ ಬಿಡುವವರೆಗೆ ಇದು ನನ್ನದು. ಬಿಟ್ಟ ಮೇಲೂ ನನ್ನದೇ. ನನ್ನ ಮಗು — ಆಗ ಅಂದುಕೊಂಡೆ, ಮೊದಲ ಸಲ. ಪ್ರೀತಿ ಇಟ್ಟುಕೊಳ್ಳದಿದ್ದರೆ ನೋವು ಕಡಿಮೆಯಾಗುತ್ತದೆ ಅಂತ ಇಷ್ಟು ದಿನ ಬಾಯಿ ಬಿಗಿಹಿಡಿದಿದ್ದೆನಲ್ಲ, ಏನು ಉಳಿಸಿಕೊಂಡೆ? ಪ್ರೀತಿ ಯಾವತ್ತೋ ನನ್ನ ಕೇಳದೆ ಬಂದು ಕೂತಿತ್ತು. ಕೈ ಮಾತ್ರ ಡಬ್ಬಿಯಿಂದ ಲೆನ್ಸ್ ತೆಗೆದು ಹಾಕುತ್ತಲೇ ಇತ್ತು.

"ಅಮ್ಮಾ, ಈಗ ಏನೂ ಕಾಣ್ತಿಲ್ಲ" ಅಂದರು ಅಜ್ಜ. ನೋಡಿದರೆ ಎರಡೂ ಕಣ್ಣಿಗೆ ಕಪ್ಪು ಬಿಲ್ಲೆ ಹಾಕಿಬಿಟ್ಟಿದ್ದೇನೆ.

ಅಷ್ಟರಲ್ಲಿ ಇವರು ಒಳಗೇ ಬಂದರು. "ರಿಸ್ಕ್ ಕಡಿಮೆ ಅಂತೆ ಕಣೆ. ನೋಡಿದ್ದೆಲ್ಲದಕ್ಕೂ ಕಡಿಮೆ."

"ಮತ್ತೆ ಇಲ್ಲಿಗ್ಯಾಕ್ರೀ ಬಂದ್ರಿ?"

ನಿಯಮ ಮರೆತೇ ಹೋಗಿತ್ತಂತೆ! ಫೋನ್ ಇಟ್ಟವರೇ, ರಿಪೇರಿಗೆ ಬಿಚ್ಚಿದ ಲಿಫ್ಟನ್ನು ಜೊತೆಯವನ ತಲೆಗೆ ಕಟ್ಟಿ ಓಡಿಬಂದಿದ್ದಾರೆ. ನಿಯಮದ ಮನುಷ್ಯ! ಅಳುತ್ತಲೇ ಚೆನ್ನಾಗಿ ಝಾಡಿಸಿದೆ. ಅಜ್ಜ ಕಪ್ಪು ಬಿಲ್ಲೆಗಳ ಹಿಂದಿನಿಂದಲೇ, ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಅದನ್ನಾದರೂ ಹೇಳಿ ಅಂದರು. ಹೇಳಿದೆ. ಹೀಗೆ ನಮ್ಮ ಸುದ್ದಿ ಅತ್ತೆಗಿಂತ ಮೊದಲು ಗಿರಾಕಿಗೆ ಗೊತ್ತಾಯಿತು. ಅತ್ತೆಗೆ ಇದು ತಿಳಿದರೆ ನನ್ನ ಕಥೆ ಅಷ್ಟೇ.

ಏಪ್ರಿಲ್ 20, ಭಾನುವಾರ

ಬರೆದು ಎಷ್ಟು ದಿನವಾಯಿತು. ಸುಖವಾಗಿದ್ದೆ, ಅದಕ್ಕೇ.

ಅತ್ತೆಗೆ ಖುಷಿಯೋ ಖುಷಿ. ಕಂಡಕಂಡವರಿಗೆಲ್ಲ ಮೊದಲನೇ ಮೊಮ್ಮಗು ಅಂತ ಹೇಳುತ್ತಿದ್ದಾರೆ. ಇವತ್ತು ನನ್ನ ಎದುರಿಗೇ ಹೇಳಿದರು, ನಾನೂ ಹೂಂಗುಟ್ಟಿದೆ. ಅವರದೇನೂ ತಪ್ಪಿಲ್ಲ. ನಾನು ಹೂಂಗುಟ್ಟಿದ್ದೇ ಚುಚ್ಚುತ್ತಿದೆ. ಬರುವವರಿಗಾಗಿ, ಮೊದಲು ಬಂದ ಅವಳನ್ನು ಎಬ್ಬಿಸಿ ಜಾಗ ಖಾಲಿ ಮಾಡಿಸಿದ ಹಾಗೆ. ಇವರ ಹತ್ತಿರ ಹೇಳೋಣವೆಂದರೆ... ಅವಳ ಮಾತು ಎತ್ತಿದರೆ ಎದ್ದು ಹೋಗಿ ನಲ್ಲಿ ರಿಪೇರಿ ಮಾಡುತ್ತಾರೆ. ಸೋರದ ನಲ್ಲಿ.

ಮೇ 6, ಮಂಗಳವಾರ. ಸ್ಕ್ಯಾನ್ ಕೋಣೆಯ ಹೊರಗೆ

ಐದನೇ ತಿಂಗಳು. ಬೆನ್ನೆಲ್ಲ ಬೆವರು. ರಕ್ತದ ರಿಪೋರ್ಟ್ ಹೃದಯ ನೋಡಿಲ್ಲ, ಬೆನ್ನುಮೂಳೆ ನೋಡಿಲ್ಲ, ಅದೆಲ್ಲ ಇವತ್ತು. ಇವರು ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ, ತೆಗೆಯುತ್ತಾರೆ. ಕೈಗೆ ಕೆಲಸ ಇರಲಿ ಅಂತ ನಾನು ಇದನ್ನು ಬರೆಯುತ್ತಿದ್ದೇನೆ.

ಪಕ್ಕದಲ್ಲಿ ಒಬ್ಬಳು ಹೆಂಗಸು. ತುಂಬು ಹೊಟ್ಟೆ, ಮಾತಿನ ಮಲ್ಲಿ. ಎಷ್ಟನೇದು ಅಂತ ಕೇಳಿದಳು. ಇವರ ಕೈ ನಿಂತಿತು.

"ಎರಡನೇದು" ಅಂದೆ.

ಹೇಳಿಯೇಬಿಟ್ಟೆ. ಆಕೆ ನಗುತ್ತ, ದೊಡ್ಡದನ್ನು ಯಾರ ಹತ್ತಿರ ಬಿಟ್ಟು ಬಂದಿದ್ದೀರಿ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು. "ಇಲ್ಲಮ್ಮ, ಅವಳು ಉಳೀಲಿಲ್ಲ. ನಮ್ಮ ದೊಡ್ಡ ಮಗಳು."

ಒಂದು ವರ್ಷದಲ್ಲಿ ಮೊದಲ ಸಲ. ಅದೂ ಗುರುತು ಪರಿಚಯ ಇಲ್ಲದವಳ ಮುಂದೆ.

ಆಕೆ ಬೆಂಚಿನ ಮೇಲೆ ಹತ್ತಿರ ಸರಿದಳು. ಆಕೆಯ ಕೈ ನನ್ನ ಮೊಣಕಾಲ ಮೇಲಿದೆ, ಬರೆಯಲು ಅಡ್ಡ. ತೆಗೆಯಿರಿ ಅನ್ನಲು ಮನಸ್ಸಿಲ್ಲ. ಇವರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಎಲ್ಲರ ಎದುರಿಗೇ.

ಬಾಗಿಲು ತೆರೆಯಿತು. ನಮ್ಮನ್ನೇ ಕರೆದದ್ದು. ಇರು ಪುಟ್ಟಾ, ಒಂದು ನಿಮಿಷ, ಅಮ್ಮ ಪೆನ್ನು