ಪಥ್ಯದ ಚೀಟಿ

ಮನೆ, ಹೊಲಿಗೆ ಯಂತ್ರದ ಪಕ್ಕದಿಂದ
ಸೋಮವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ

ರೀ,

ಹೇಗಿದ್ದೀರಿ? ಲೋಕಾಭಿರಾಮವಾಗಿ ಕೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ. ವಾಂತಿ ನಿಂತಿತೇ? ನಿನ್ನೆಯಿಂದ ಇಪ್ಪತ್ತು ಸಲ ಫೋನ್ ಮಾಡಿದೆ. ನಿಮ್ಮ ಕೆಲಸದ ಜಾಗದಲ್ಲಿ ಸಿಗ್ನಲ್ ಯಾವತ್ತು ಸಿಕ್ಕಿತ್ತು! ಸಿಮೆಂಟ್ ಲಾರಿಯ ಡ್ರೈವರಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಈ ಪತ್ರ ಅವನ ಕೈಯಲ್ಲೇ ಬರುತ್ತದೆ. ಮಗಳು ಶಾಲೆಗೆ ಹೋದಳು. ಅವಳಿಗೆ ಏನೂ ಹೇಳಿಲ್ಲ.

ನಿಮ್ಮ ಪತ್ರ ನಿನ್ನೆ ಸಂಜೆ ಇದೇ ಲಾರಿಯಲ್ಲಿ ಬಂತು. ಹನ್ನೊಂದು ಕಿಲೋ ಇಳಿದಿದ್ದೀರಿ, ಇನ್ನು ಕ್ರೇನ್ ಓಡಿಸುವ ಲೈಸೆನ್ಸಿಗೆ ತೂಕದ ತಕರಾರಿಲ್ಲ ಎಂದು ಓದಿ, ಜಂಬದಿಂದ ನಿಮ್ಮ ಪ್ಯಾಂಟುಗಳ ಸೊಂಟ ಹಿಡಿದು ಹೊಲಿಯಲು ಕುಳಿತೆ. ಕೆಳಗಿನ ಸಾಲು ಓದಿದ್ದು ಆಮೇಲೆ. "ಎರಡು ದಿನದಿಂದ ಹೊಟ್ಟೆ ತೊಳಸಿ ವಾಂತಿ ಆಗ್ತಿದೆ, ಏಣಿ ಹತ್ತಿದ್ರೆ ಏದುಸಿರು. ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಅಂತ ಜೊತೆಯವರು ನಗ್ತಾರೆ. ಶುಗರ್ ಸರಿಯಾಗಿದೆ, ಚಿಂತೆ ಮಾಡ್ಬೇಡ." ಬೆಳಿಗ್ಗೆ ಎದ್ದವಳೇ ಡಾಕ್ಟರಮ್ಮನ ಮನೆಗೆ ಓಡಿದೆ. "ನಮ್ಮವರು ತೂಕ ಇಳಿಸಲು ಅನ್ನ, ಬ್ರೆಡ್ ಬಿಟ್ಟು ಬರೀ ಬೆಣ್ಣೆ, ಮೊಟ್ಟೆ, ಮಾಂಸ ತಿನ್ನುತ್ತಿದ್ದಾರೆ, ಶುಗರಿಗೆ ನೀವು ಕೊಟ್ಟ ಹೊಸ ಮಾತ್ರೆಯನ್ನೂ ತಪ್ಪಿಸಿಲ್ಲ" ಎಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಆ ಮಾತ್ರೆ ಜೊತೆ ಈ ಪಥ್ಯ ಯಾರಮ್ಮ ಹೇಳಿದ್ದು? ರಕ್ತ ಹುಳಿ ಆಗ್ಬಿಡುತ್ತೆ. ಶುಗರ್ ಸರಿಯಾಗೇ ತೋರಿಸ್ತಿರುತ್ತೆ, ಒಳಗೆ ಜೀವ ಹೋಗ್ತಿರುತ್ತೆ!" ದೊಡ್ಡಾಸ್ಪತ್ರೆಗೆ ಚೀಟಿ ಬರೆಸಿಕೊಂಡು ಓಡಿ ಬಂದೆ, ಇದರ ಜೊತೆಗಿದೆ.

ಇದನ್ನು ಓದಿದ ಮೇಲೆ ಕ್ರೇನ್ ಹತ್ತಬೇಡಿ, ಮೇಲಿನವರು ಬೈದರೆ ಬೈಯಲಿ. ಆ ಮಾತ್ರೆ ನುಂಗಬೇಡಿ. ಇದೇ ಲಾರಿಯಲ್ಲಿ ನೇರವಾಗಿ ದೊಡ್ಡಾಸ್ಪತ್ರೆಗೆ ಬಂದು ಡಾಕ್ಟರಮ್ಮನ ಚೀಟಿ ತೋರಿಸಿ. ನೀವು ಮೊಂಡು ಹಿಡಿದರೆ ಹೊತ್ತು ತರಲು ಡ್ರೈವರಣ್ಣನಿಗೆ ಹೇಳಿದ್ದೇನೆ. ಹೇಗೂ ಈಗ ಹಗುರವಾಗಿದ್ದೀರಲ್ಲ. ನನಗೆ ಭಯವಾಗುತ್ತಿದೆ ಕಣ್ರೀ.

ಆಸ್ಪತ್ರೆ ಬಾಗಿಲಲ್ಲೇ ನಿಂತಿರುತ್ತೇನೆ.

ನೀವೇ ಹೆಸರಿಟ್ಟ ನಿಮ್ಮ
ಕತ್ತರಿ

ತಾ.ಕ.: ಪಥ್ಯದ ಚೀಟಿಯನ್ನು ನನ್ನ ಹತ್ತಿರ ಬ್ಲೌಸ್ ಹೊಲಿಸುವ ಟೀಚರಮ್ಮ ಕೊಟ್ಟರು ಎಂದಿದ್ದೆನಲ್ಲ, ಅದು ನಿಜ. ಆದರೆ ಅದರ ಬುಡದಲ್ಲಿ ಇನ್ನೊಂದು ಸಾಲಿತ್ತು. ಓದಿದರೆ ಅದನ್ನೇ ನೆಪ ಮಾಡಿಕೊಂಡು ಮತ್ತೆ ಅನ್ನದ ಪಾತ್ರೆಗೆ ಕೈ ಹಾಕುತ್ತೀರೆಂದು ಅಷ್ಟನ್ನು ಕತ್ತರಿಸಿ ಕಳಿಸಿದೆ. ಆ ತುಂಡು ಸೂಜಿಡಬ್ಬಿಯಲ್ಲೇ ಇತ್ತು, ಈಗ ಗುಂಡುಸೂಜಿ ಚುಚ್ಚಿ ಜೊತೆಗಿಟ್ಟಿದ್ದೇನೆ: "ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮಾಡಬಾರದು." ನನ್ನನ್ನು ಬೈಯಲಿಕ್ಕಾದರೂ ಬದುಕಿ ಬನ್ನಿ.