ಮೊಹರಿಲ್ಲದ ಸುರಂಗ

ಖರೀದಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಆಸ್ಪತ್ರೆಯ ಪ್ರಯೋಗಾಲಯಕ್ಕೂ ಊರಾಚೆಯ ಶಾಖೆಗೂ ನಡುವೆ ಇದ್ದ ಗೂಢಲಿಪಿಯ ಸುರಂಗವನ್ನು ನಿಮ್ಮ ಆದೇಶದಂತೆ ನಾನೇ ಮುಚ್ಚಿದೆ. ಆ ತಪ್ಪಿನಲ್ಲಿ ನನ್ನ ಪಾಲು ನನಗಿರಲಿ. ನಿಮ್ಮ ಪಾಲನ್ನು ನಿಮಗೆ ಒಪ್ಪಿಸಲು ಈ ಪತ್ರ.

ಸುರಂಗವೆಂದರೆ ನೆಲ ಅಗೆದದ್ದಲ್ಲ. ಎರಡು ಕಟ್ಟಡಗಳ ಕಂಪ್ಯೂಟರುಗಳು ಎಲ್ಲರ ಇಂಟರ್ನೆಟ್ಟಿನ ಮೂಲಕವೇ ಮಾತಾಡಿದರೂ ನಡುವೆ ಯಾರಿಗೂ ಒಂದಕ್ಷರ ಓದಲಾಗದಂತೆ ನೋಡಿಕೊಳ್ಳುವ ತಂತ್ರಾಂಶ. ಬಿಟ್ಟಿಯಾಗಿ ಸಿಗುವ ಮೂರು ಮುಕ್ತ ತಂತ್ರಾಂಶಗಳನ್ನು ಎರಡು ತಿಂಗಳು ಪರೀಕ್ಷಿಸಿ ಒಂದನ್ನು ಆರಿಸಿದ್ದೆ. ಅದರ ಒಳಗೇನಿದೆಯೆಂದು ಯಾರು ಬೇಕಾದರೂ ತೆರೆದು ಓದಬಹುದು, ನಾನೂ ಓದಿದ್ದೆ. ಶಾಖೆಯ ಲೈನು ದಿನಕ್ಕೆ ಹತ್ತು ಸಲ ಕಡಿದರೂ ತಾನಾಗಿಯೇ ಮತ್ತೆ ಸೇರಿಕೊಳ್ಳುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಒಂದು ದೂರೂ ಬರಲಿಲ್ಲ. ಅದು ಮಾಡಿದ ಅಪರಾಧ ಒಂದೇ. ನಿಮ್ಮ ನಮೂನೆಯ ಒಂಬತ್ತನೇ ಅಂಕಣಕ್ಕೆ 'ಮಾರಾಟಗಾರರ ಸಹಿ ಮತ್ತು ಮೊಹರು' ಬೇಕು, ಈ ತಂತ್ರಾಂಶವನ್ನು ಯಾರೂ ಮಾರಿರಲಿಲ್ಲ.

ಮಂಜೂರಾತಿಗೆ ಕಳಿಸಿದ ಕಡತ ಮೂರು ಸಲ ವಾಪಸಾಯಿತು. ನನ್ನ ಪಾಡು ನೋಡಲಾರದೆ ನಿಮ್ಮ ಗುಮಾಸ್ತರು, "ಸಾರ್, ಎದುರುಗಡೆ ಝೆರಾಕ್ಸ್ ಅಂಗಡಿಯೋರ ಹತ್ರ ಒಂದು ಸೀಲು ಹಾಕಿಸ್ಕೊಂಡು ಬಂದ್ಬಿಡಿ, ಯಾರು ನೋಡ್ತಾರೆ" ಎಂದರು. ನಾನು ಒಪ್ಪಲಿಲ್ಲ. ಆಗ ನೀವು ಕೇಳಿದಿರಿ: "ಅಲ್ರೀ, ಕೆಟ್ಟೋದ್ರೆ ಯಾರನ್ನ ಕೇಳೋದು?" ನನ್ನನ್ನು ಕೇಳಬಹುದಿತ್ತು. ಸಂಬಳ ಕೊಟ್ಟು ಇಟ್ಟುಕೊಂಡಿರುವುದು ಅದಕ್ಕೇ ಅಲ್ಲವೇ?

ಸುರಂಗ ಮುಚ್ಚಿದ ಮಾತ್ರಕ್ಕೆ ಅದರ ಮೂಲಕ ಶಾಖೆಗೆ ಹೋಗುತ್ತಿದ್ದ ರೋಗಿಗಳ ವರದಿಗಳು ನಿಂತವೇ? ಪ್ರಯೋಗಾಲಯದವರು ಅವುಗಳ ಫೋಟೋ ತೆಗೆದು ಸಿಬ್ಬಂದಿಯ ಮೊಬೈಲ್ ಗುಂಪಿಗೆ ಹಾಕತೊಡಗಿದರು. ನೂರ ನಲವತ್ತು ಜನರ ಗುಂಪು. ಅಡುಗೆಯವರಿಂದ ಹಿಡಿದು ಕೆಲಸ ಬಿಟ್ಟು ಹೋದವರವರೆಗೆ ಎಲ್ಲರೂ ಅದರಲ್ಲಿದ್ದಾರೆ. ಅದಕ್ಕೆ ಯಾವ ಮೊಹರೂ ಬೇಕಾಗಲಿಲ್ಲ.

ಕಳೆದ ಮಂಗಳವಾರ ಆ ಗುಂಪಿಗೆ ಬಂದದ್ದು ನನ್ನ ಅಕ್ಕನ ಎದೆಯ ಗಂಟಿನ ವರದಿ. ಅಕ್ಕ ಬಟ್ಟೆ ಹೊಲಿಯುವವಳು. ಶಾಖೆಯ ವೈದ್ಯರು ಅವಳಿಗೆ ಗುರುವಾರ ಬರಹೇಳಿದ್ದರು. ಬುಧವಾರ ಬೆಳಿಗ್ಗೆಯೇ, ಅಳತೆ ಕೊಡಲು ಬಂದ ಆಸ್ಪತ್ರೆ ಅಡುಗೆಯವರ ಹೆಂಡತಿ ಅವಳ ಕೈ ಹಿಡಿದು, "ಈಗೆಲ್ಲ ವಾಸಿಯಾಗುತ್ತಂತೆ ಕಣಮ್ಮ, ಧೈರ್ಯವಾಗಿರು" ಎಂದರಂತೆ. ಅಕ್ಕ ಕತ್ತರಿ ಕೆಳಗಿಟ್ಟು ನನಗೆ ಫೋನ್ ಮಾಡಿದಳು.

"ಏನಾಗಿದೆಯೋ ನಂಗೆ?"

"ನಾಳೆ ಡಾಕ್ಟರೇ ಹೇಳ್ತಾರಕ್ಕ" ಎಂದೆ.

"ಆ ಲೈನು ನೋಡ್ಕೊಳ್ಳೋನು ನೀನೇ ಅಲ್ವೇನೋ?"

ಕೆಟ್ಟುಹೋದರೆ ಯಾರನ್ನು ಕೇಳಬೇಕೆಂದು ಅವಳಿಗೆ ಗೊತ್ತಿತ್ತು, ಅಧ್ಯಕ್ಷರೇ.

ಸುರಂಗವನ್ನು ಮತ್ತೆ ತೆರೆಯಲು ನಾಳೆಯೇ ಲಿಖಿತ ಆದೇಶ ಕೊಡಿ. ಒಂಬತ್ತನೇ ಅಂಕಣವನ್ನು ಖಾಲಿ ಬಿಡಲು ಮನಸ್ಸೊಪ್ಪದಿದ್ದರೆ ಅಲ್ಲಿ ನನ್ನ ಸಹಿ ಹಾಕಿಸಿಕೊಳ್ಳಿ, ಬೇಕಿದ್ದರೆ ಹೆಬ್ಬೆಟ್ಟನ್ನೂ ಒತ್ತುತ್ತೇನೆ.

ಇಂತಿ,
ನಿಮ್ಮ ಆದೇಶ ಬಂದ ಐದೇ ನಿಮಿಷಕ್ಕೆ ಸುರಂಗ ಮುಚ್ಚಿದ ವಿಧೇಯ ನೌಕರ