ನಾಲ್ಕನೇ ಇನ್ನಿಂಗ್ಸಿಗೆ ಎಬ್ಬಿಸಿದ ಪಂಕ್ತಿ

ಹೊಸ ಬೇಸ್‌ಬಾಲ್ ಮೈದಾನದ ಮಾನ್ಯ ವ್ಯವಸ್ಥಾಪಕರೇ,

ಕಳೆದ ಸೋಮವಾರ ನಮ್ಮೂರ ತಂಡ ಐದು–ಒಂದರಿಂದ ಮುಂದಿದ್ದಾಗ, ಒಂಬತ್ತು ಇನ್ನಿಂಗ್ಸಿನಲ್ಲಿ ನಾಲ್ಕನೆಯದರಲ್ಲೇ ಮಳೆ ಬಂತೆಂದು ಈ ವರ್ಷದ ಕಡೆಯ ಪಂದ್ಯವನ್ನೇ ರದ್ದು ಮಾಡಿದಿರಿ. ಮತ್ತೆ ಆಡಿಸುವುದೂ ಇಲ್ಲವಂತೆ. ಅದರಿಂದ ಲೀಗಿನ ಪಟ್ಟಿಯಲ್ಲಿ ನಮ್ಮ ಸ್ಥಾನ ಬದಲಾಗದು ಎಂಬುದು ತಮ್ಮ ಪ್ರಕಟಣೆ ಕೊಟ್ಟ ಕಾರಣ. ಅಲ್ಲ ಸ್ವಾಮಿ, ಮೇ ತಿಂಗಳಿಂದಲೂ ನಾವು ತಳದಲ್ಲೇ ಕೂತಿದ್ದೇವೆ. ಸ್ಥಾನ ಬದಲಿಸದ ಪಂದ್ಯ ಆಡಿಸಬಾರದೆಂದಿದ್ದರೆ ಜೂನಿನಲ್ಲೇ ಗೇಟಿಗೆ ಬೀಗ ಜಡಿಯಬೇಕಿತ್ತಲ್ಲವೇ?

ಮೈದಾನವೇನೋ ಭರ್ಜರಿಯಾಗಿದೆ. ನಮ್ಮ ಮನೆಗಿಂತ ದೊಡ್ಡ ಪರದೆ, ಬೆಳ್ಳುಳ್ಳಿ ಫ್ರೈಸಿಗೇ ನಾಲ್ಕು ಕೌಂಟರು. ಸೂರೊಂದನ್ನು ಮರೆತಿರಿ. ಸಿಯಾಟಲ್ ಸುತ್ತ ಮಳೆ ಬರುತ್ತದೆಂಬ ಗುಟ್ಟು ತಮ್ಮ ಕಚೇರಿಗೆ ಈಗಷ್ಟೇ ತಲುಪಿತೇ?

ನನ್ನ ಅತ್ತೆ ಪಾರ್ವತೆವ್ವ ಏಪ್ರಿಲಿನಲ್ಲಿ ಗದಗಿನಿಂದ ಬಾಥೆಲ್‌ನ ನಮ್ಮ ಮನೆಗೆ ಬಂದರು. ಅವರು ನೋಡಿದ ಮೊದಲ ಪಂದ್ಯದಲ್ಲೇ ನಾವು ಹನ್ನೆರಡು–ಸೊನ್ನೆಯಿಂದ ಹಿಂದೆ. ಪಾರ್ಕಿಂಗಿನ ನೂಕುನುಗ್ಗಲು ತಪ್ಪಲೆಂದು ನಾನು ಏಳನೇ ಇನ್ನಿಂಗ್ಸಿಗೇ ಬ್ಯಾಗು ಹೆಗಲಿಗೇರಿಸಿದೆ. ಮಗಳು ಮೈತ್ರಿಯೂ "ಅಜ್ಜಿ, ಲೆಟ್ಸ್ ಗೋ" ಎಂದಳು.

ಅತ್ತೆ ನನ್ನ ಕೈ ಜಗ್ಗಿ ಕೂರಿಸಿದರು. "ಕುಂದ್ರ ಶೀತಲ್. ಪಂಕ್ತ್ಯಾಗ ಕಡೀ ಮನಶ್ಯಾ ಉಂಡು ಮುಗಿಸೂತನಕ ಯಾರರ ಏಳತಾರೇನ? ಆ ಹುಡುಗರು ಇನ್ನೂ ಬಯಲಾಗ ಅದಾರ."

ಅಂದಿನಿಂದ ಒಂಬತ್ತು ಪಂದ್ಯ, ಒಂಬತ್ತೂ ಸೋಲು. ಪ್ರತಿ ಸಲವೂ ಸ್ಟ್ಯಾಂಡೆಲ್ಲ ಖಾಲಿಯಾಗಿ, ಕಸ ಗುಡಿಸುವವರು ನಮ್ಮ ಕಾಲ ಸುತ್ತ ಗುಡಿಸಿಕೊಂಡು ಹೋಗುತ್ತಿದ್ದರು. ಬಲಬದಿಯ ಫೀಲ್ಡರ್ ಒಬ್ಬ ಅತ್ತೆಯನ್ನು ಗುರುತು ಹಿಡಿದು ಟೋಪಿ ಎತ್ತತೊಡಗಿದ. ಅವನಿಗೆಂದು ತಂದ ಶೇಂಗಾ ಹೋಳಿಗೆಯನ್ನು ನಿಮ್ಮ ಸೆಕ್ಯುರಿಟಿಯವರು ಪರೀಕ್ಷಿಸಿದರು. ಪರೀಕ್ಷೆ ಎಷ್ಟು ಕಟ್ಟುನಿಟ್ಟೆಂದರೆ ಹುಡುಗನಿಗೆ ತಲುಪಿದ್ದು ಒಂದೇ ಹೋಳಿಗೆ.

ಸೋಮವಾರ ಮೊದಲ ಬಾರಿಗೆ ನಾವು ಮುಂದಿದ್ದೆವು. ಅತ್ತೆ ಎದ್ದು ನಿಂತು ಸಿಳ್ಳೆ ಹಾಕಿದರು! ಹದಿನಾರು ವರ್ಷ ಸೊಸೆಯಾಗಿರುವ ನನಗೇ ಅವರಿಗೆ ಸಿಳ್ಳೆ ಬರುತ್ತದೆಂದು ಗೊತ್ತಿರಲಿಲ್ಲ. ಹತ್ತೇ ನಿಮಿಷಕ್ಕೆ ನಿಮ್ಮ ಮೈಕು ಎಲ್ಲರನ್ನೂ ಮನೆಗಟ್ಟಿತು. ಕಾರಿನಲ್ಲಿ ಅತ್ತೆ ಹಿಂದೆ ತಿರುಗಿ ಮೈದಾನದ ದೀಪಗಳನ್ನೇ ನೋಡುತ್ತಿದ್ದರು. "ಅವ್ವಾ, ಗೆಲ್ಲೂದು ನೋಡಲಿಲ್ಲಂತ ಬ್ಯಾಸರೇನ?" ಎಂದು ನನ್ನ ಗಂಡ ಕಲ್ಮೇಶ್ ಕೇಳಿದರು.

"ಗೆಲುವು ಹಾಳಾಗಿ ಹೋಗ್ಲಿ. ಪಾಪ, ಇಡೀ ವರ್ಷ ಬರೇ ಉಪ್ಪು ಉಪ್ಪಿನಕಾಯಿ ತಿಂದ ಹುಡುಗರು. ಇವತ್ತರ ಹೋಳಿಗಿ ಬಡಸಾಕ ಹತ್ತಿದ್ರು, ಅಷ್ಟರಾಗ ಎಬ್ಬಿಸಿಬಿಟ್ರಲ್ಲೋ."

ಅತ್ತೆ ಈ ಭಾನುವಾರ ಊರಿಗೆ ಹೊರಡುತ್ತಾರೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಶನಿವಾರ ಮಧ್ಯಾಹ್ನ, ನಾಲ್ಕನೇ ಇನ್ನಿಂಗ್ಸಿನಿಂದ, ಐದು–ಒಂದರಿಂದಲೇ ಆಟ ಮುಂದುವರಿಸಿ. ಪಟ್ಟಿಗೆ ಸೇರಿಸಬೇಡಿ, ಪರದೆಯನ್ನೂ ಹಚ್ಚಬೇಡಿ. ಎದುರಾಳಿಗಳು ಪಕ್ಕದೂರಿನವರೇ, ಎರಡೂ ತಂಡಕ್ಕೆ ಬುತ್ತಿ ನಮ್ಮದು. ಈ ಸಲ ಸೆಕ್ಯುರಿಟಿಯವರಿಗೂ ಬೇರೆ ಡಬ್ಬಿ ತರುತ್ತೇವೆ. ಆ ಐದು–ಒಂದನ್ನೂ ನಮ್ಮ ಹುಡುಗರು ಸೋಲಬಲ್ಲರೆಂದು ನನಗೆ ಚೆನ್ನಾಗಿ ಗೊತ್ತು. ಸೋಲಲಿ ಬಿಡಿ. ಅತ್ತೆ ಏಳುವುದಿಲ್ಲ.

ಇಂತಿ,
ಹಿಂದೊಮ್ಮೆ ಏಳನೇ ಇನ್ನಿಂಗ್ಸಿಗೇ ಎದ್ದಿದ್ದ ಪಾಪಿ,
ಶೀತಲ್, ಬಾಥೆಲ್